ಅಪ್ಪನ ಹೊಲ, ಅವ್ವನ ಮನೆ: ಹೆಸರಿಗೆ ಮಾಡಿಸೋದು ಹೇಗೆ, ತೆರಿಗೆ ಎಷ್ಟು ಬೀಳುತ್ತೆ?

"ಸರ್, ಅಪ್ಪನ ಹೊಲ ನಮ್ಮ ಹೆಸರಿಗೆ ಬಂದ್ರ ಸರ್ಕಾರಕ್ಕ ಎಷ್ಟು ಕಟ್ಟಬೇಕ್ರಿ?"

ನಾನು ಕಂದಾಯ ಮತ್ತು ಸಿವಿಲ್ ಕೆಲಸ ನೋಡುವವನು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಬಂದವರು ಕುರ್ಚಿ ಎಳೆದು ಕೂತ ಕೂಡಲೇ ಕೇಳುವುದು ಇದನ್ನೇ. ಉತ್ತರ ಸಣ್ಣದು. ಹಿರಿಯರು ತೀರಿಕೊಂಡ ಮೇಲೆ ವಾರಸಾಗಿ ಬರುವ ಆಸ್ತಿಗೆ ನಮ್ಮ ದೇಶದಲ್ಲಿ ತೆರಿಗೆ ಇಲ್ಲ. ಒಂದು ಕಾಲದಲ್ಲಿ ಇತ್ತು. 1953ರಲ್ಲಿ ಎಸ್ಟೇಟ್ ಡ್ಯೂಟಿ ಅಂತ ಕಾಯ್ದೆ ತಂದಿದ್ದರು, 1985ರ ಮಾರ್ಚ್ 16ರಿಂದ ಅದನ್ನು ತೆಗೆದುಹಾಕಿದರು. ಕರ್ನಾಟಕ ಸರ್ಕಾರವೂ ವಾರಸಾ ತೆರಿಗೆ ಅಂತ ಏನನ್ನೂ ಕೇಳುವುದಿಲ್ಲ. ಆದಾಯ ತೆರಿಗೆಯವರೂ ಹೀಗೆ ಬಂದ ಹೊಲ, ಮನೆ, ಬಂಗಾರವನ್ನು ನಿಮ್ಮ ಆದಾಯ ಅಂತ ಲೆಕ್ಕ ಹಾಕುವುದಿಲ್ಲ.

ಹಾಗಾದರೆ ಜನ ಲಕ್ಷಗಟ್ಟಲೆ ದುಡ್ಡು ಕಳೆದುಕೊಳ್ಳುವುದು ಎಲ್ಲಿ? ನಾನು ನೋಡಿದ ಮಟ್ಟಿಗೆ ಎರಡೇ ಕಾರಣ. ಒಂದು, ವರ್ಷಗಟ್ಟಲೆ ಸತ್ತವರ ಹೆಸರಲ್ಲೇ ಪಹಣಿ (ಹೊಲದ ಕಂದಾಯ ದಾಖಲೆ) ಬಿಡುವುದು. ಇನ್ನೊಂದು, ವಾರಸುದಾರರಲ್ಲಿ ಯಾರದೋ ಒಬ್ಬರ ಹೆಸರನ್ನು ಬೇಕಂತಲೇ ಬಿಡುವುದು. ಹೆಚ್ಚಾಗಿ ಆ ಒಬ್ಬರು ಮದುವೆಯಾಗಿ ಹೋದ ಹೆಣ್ಣುಮಗಳು. ಈ ಎರಡೂ ಆಗದ ಹಾಗೆ ಕೆಲಸ ಹೇಗೆ ಮಾಡಿಸಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಮರಣ ಪ್ರಮಾಣಪತ್ರ

ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ರಾಯಚೂರು ಕಡೆಯವರು ದೊಡ್ಡ ಕಾಯಿಲೆಗೆ ಹೈದರಾಬಾದಿಗೋ ಕರ್ನೂಲಿಗೋ ಹೋಗುತ್ತಾರೆ. ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಅಲ್ಲಿಂದಲೇ ಬರಬೇಕು. ಅಂತ್ಯಕ್ರಿಯೆ ಊರಲ್ಲಿ ಮಾಡಿದ್ದೇವೆ ಅಂತ ಊರಲ್ಲಿ ಕೊಡುವುದಿಲ್ಲ. 21 ದಿನದೊಳಗೆ ತಿಳಿಸಿದರೆ ಶುಲ್ಕ ಇಲ್ಲ. 30 ದಿನದವರೆಗೆ ಸಣ್ಣ ತಡದ ಶುಲ್ಕ. ಅದು ದಾಟಿದರೆ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕು. ಅಲ್ಲಿಗೆ ಅಲೆದಾಟ ಶುರು.

ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಸರು ಓದಿ ನೋಡಿ. ಪಹಣಿಯಲ್ಲಿ "ದೊಡ್ಡ ಬಸಪ್ಪ", ಆಧಾರ್‌ನಲ್ಲಿ "ಬಸವರಾಜಪ್ಪ", ಮರಣ ಪತ್ರದಲ್ಲಿ ಬರೀ "ಬಸಪ್ಪ" ಅಂತಿದ್ದರೆ ಮೂವರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕಾಗುತ್ತದೆ. ತಂದೆಯ ಹೆಸರು, ಅಡ್ಡಹೆಸರು ಸಹ ಹೊಂದಬೇಕು. ನಮ್ಮ ಕಡೆ ಒಂದೇ ಊರಲ್ಲಿ ಅದೇ ಹೆಸರಿನವರು ಹತ್ತು ಜನ ಇರುತ್ತಾರೆ, ಅಲ್ವಾ?

ಹೆಜ್ಜೆ 2: ಏನೇನಿದೆ ಅಂತ ಪಟ್ಟಿ ಮಾಡಿ

ಹೊಲದ ಸರ್ವೆ ನಂಬರ್ ಗೊತ್ತಿದ್ದರೆ ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟ್‌ನಲ್ಲಿ ಪಹಣಿ ನೋಡಬಹುದು. ಪಹಣಿಯಲ್ಲಿ ಎಲ್ಲ ಕಾಲಂ ಓದಬೇಕಿಲ್ಲ, ಮೂರು ಸಾಕು. 9ನೇ ಕಾಲಂನಲ್ಲಿ ಯಾರ ಹೆಸರಲ್ಲಿದೆ ಅಂತ ಇರುತ್ತದೆ. 10ರಲ್ಲಿ ಅದು ಅವರಿಗೆ ಹೇಗೆ ಬಂತು ಅಂತ, ಅಂದರೆ ಖರೀದಿಯೋ, ಪೌತಿಯೋ (ತೀರಿಕೊಂಡವರಿಂದ ವಾರಸಾಗಿ ಬಂದದ್ದು), ಪಾಲೋ, ಮಂಜೂರಾತಿಯೋ, ಪಕ್ಕದಲ್ಲಿ ಎಂಆರ್ ನಂಬರ್, ಅಂದರೆ ಖಾತೆ ಬದಲಾವಣೆಯ ದಾಖಲೆ ನಂಬರ್. 11ರಲ್ಲಿ ಋಣ. ಸಹಕಾರ ಸಂಘದ ಬೆಳೆ ಸಾಲ, ಪಿಎಲ್‌ಡಿ ಬ್ಯಾಂಕಿನ ಟ್ರ್ಯಾಕ್ಟರ್ ಸಾಲ, ಗ್ರಾಮೀಣ ಬ್ಯಾಂಕಿನ ಅಡಮಾನ, ಎಲ್ಲ ಅಲ್ಲೇ ಕೂತಿರುತ್ತವೆ.

10ನೇ ಕಾಲಂ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕಣ್ಣಿಡಿ. ಅಪ್ಪ ಸ್ವಂತ ದುಡ್ಡಲ್ಲಿ ಕೊಂಡ ಹೊಲಕ್ಕೂ, ಅಜ್ಜನಿಂದ ಇಳಿದು ಬಂದ ಹೊಲಕ್ಕೂ ಪಾಲಿನ ಲೆಕ್ಕ ಬೇರೆ ಬೇರೆ. ಅದು ಗೊತ್ತಾಗುವುದು ಈ ಎಂಆರ್ ನಂಬರ್ ಹಿಡಿದು ಹಿಂದಕ್ಕೆ ಹೋದಾಗಲೇ. ಹಿಂದಕ್ಕೆ ಹೋದಷ್ಟೂ ನಮ್ಮ ಮೂರು ಜಿಲ್ಲೆಗಳ ದಾರಿ ಬೇರೆಯಾಗುತ್ತದೆ. ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದರಾಸಿನ ಕೈಕೆಳಗಿತ್ತು. ಹಾಗಾಗಿ ಅಲ್ಲಿಯ ಹಳೇ ಕ್ರಯಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ರಾಯಚೂರು ಮತ್ತು ಕೊಪ್ಪಳ ನಿಜಾಮರ ಸೀಮೆ, 1956ರವರೆಗೆ ಹೈದರಾಬಾದ್ ರಾಜ್ಯ. ಇಲ್ಲಿಯ ಹಳೇ ಕಾಗದ ಉರ್ದುವಿನಲ್ಲಿ ಸಿಕ್ಕರೆ ಗಾಬರಿ ಬೇಡ, ಓದಿಸಿ ಅನುವಾದ ಮಾಡಿಸಿ ದೃಢೀಕರಿಸಿಕೊಳ್ಳಿ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ, ಆದ್ದರಿಂದ ಅದಕ್ಕಿಂತ ಹಿಂದಿನ ಕೆಲವು ಕಾಗದಕ್ಕೆ ರಾಯಚೂರಿನ ದಫ್ತರಕ್ಕೂ ಹೋಗಿ ಬರಬೇಕಾಗಬಹುದು.

ಜೊತೆಗೆ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟ್‌ನಲ್ಲಿ ಋಣಭಾರ ಪತ್ರ ತೆಗೆಸಿ. ಜನರ ಬಾಯಲ್ಲಿ ಇದು ಇಸಿ. ಅಪ್ಪ ಯಾರಿಗಾದರೂ ಮಾರಾಟದ ಕರಾರು ನೋಂದಣಿ ಮಾಡಿಕೊಟ್ಟಿದ್ದರೆ, ಅಡ ಇಟ್ಟಿದ್ದರೆ ಗೊತ್ತಾಗುತ್ತದೆ. ಪಾಸ್‌ಬುಕ್, ಎಲ್‌ಐಸಿ ಬಾಂಡ್, ಪೋಸ್ಟ್ ಆಫೀಸಿನ ಆರ್‌ಡಿ ಪುಸ್ತಕ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಡಿ.

ಸಾಲದ ಬಗ್ಗೆ ಒಂದು ಮಾತು. ಅಪ್ಪನ ಸಾಲ ಅಪ್ಪನ ಜೊತೆ ಹೋಗುವುದಿಲ್ಲ. ಹಾಗಂತ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ತೀರಿಸಲೇಬೇಕು ಅಂತಲೂ ಇಲ್ಲ. ಜಾಮೀನು ಹಾಕಿರದಿದ್ದರೆ, ಅವರಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೇ ಹೊಣೆ.

ಹೆಜ್ಜೆ 3: ವಾರಸುದಾರರು ಯಾರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೋರ್ಟಿಗೆ ಹೋಗುವ ಪ್ರಕರಣಗಳು ಹುಟ್ಟುವುದು ಇಲ್ಲೇ.

ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ, ಅವರ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮತ್ತು ತಾಯಿ. ಎಲ್ಲರಿಗೂ ಸಮ ಪಾಲು. ತಾಯಿಯನ್ನು ಮರೆಯುವವರು ಬಹಳ. ಮಗ ತೀರಿಕೊಂಡಾಗ ಮುದುಕಿ ಇನ್ನೂ ಬದುಕಿದ್ದರೆ ಆಕೆಗೂ ಒಂದು ಪಾಲು ಇದೆ. ತಂದೆ ಈ ವರ್ಗದಲ್ಲಿ ಬರುವುದಿಲ್ಲ. ಮೊದಲೇ ತೀರಿಕೊಂಡ ಮಗ ಅಥವಾ ಮಗಳಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಇಳಿಯುತ್ತದೆ. ತೀರಿಕೊಂಡ ಮಗನ ಹೆಂಡತಿಗೂ ಅದರಲ್ಲಿ ಭಾಗ ಇದೆ.

ಲೆಕ್ಕ ನೋಡಿ. ಸಿಂಧನೂರಿನ ಎಡದಂಡೆ ಕಾಲುವೆ ಕೆಳಗೆ ಒಬ್ಬರು ಸ್ವಂತ ದುಡ್ಡಲ್ಲಿ ಕೊಂಡ 8 ಎಕರೆ ಗದ್ದೆ ಇತ್ತು ಅಂತಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ವಯಸ್ಸಾದ ತಾಯಿ. ಒಟ್ಟು ಐದು ಪಾಲು. 8 ಎಕರೆ ಅಂದರೆ 320 ಗುಂಟೆ. ಒಬ್ಬೊಬ್ಬರಿಗೆ 64 ಗುಂಟೆ, ಅಂದರೆ 1 ಎಕರೆ 24 ಗುಂಟೆ. ಗಂಡುಮಕ್ಕಳು ನಾಲ್ಕು ನಾಲ್ಕು ಎಕರೆ ಅಂತ ಮನಸ್ಸಿನಲ್ಲೇ ಹಂಚಿಕೊಂಡಿರುತ್ತಾರೆ. ಕಾಯ್ದೆಯ ಲೆಕ್ಕ ಹಾಗಿಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕು. ಇದು 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಲ್ಲಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಇಂಥ ಹಕ್ಕು ಕೊಟ್ಟಿದ್ದರು. "ಅಪ್ಪ 2005ಕ್ಕಿಂತ ಮೊದಲೇ ಹೋಗ್ಯಾನ, ಆಕಿಗೆ ಬರಂಗಿಲ್ಲ" ಅನ್ನುವ ವಾದ ವರ್ಷಗಟ್ಟಲೆ ನಡೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಇದಕ್ಕೆ ತೆರೆ ಎಳೆಯಿತು. 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಆಗಿಹೋದ ಪಾಲನ್ನು ಮತ್ತೆ ತೆರೆಯಲು ಆಗುವುದಿಲ್ಲ. ಪಿತ್ರಾರ್ಜಿತದ ಪಾಲಿನ ಲೆಕ್ಕ ಮೇಲಿನಷ್ಟು ಸರಳ ಅಲ್ಲ. ಅದನ್ನು ವಕೀಲರ ಹತ್ತಿರ ಕಾಗದ ಇಟ್ಟುಕೊಂಡೇ ಮಾಡಿಸಿ.

"ಮದುವೆಯಲ್ಲಿ ಬಂಗಾರ ಕೊಟ್ಟೀವಿ, ಅಲ್ಲಿಗೆ ಮುಗೀತು" ಅನ್ನುವುದು ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಲಿಂಗಾಯತರಿಗೆ ಹಿಂದೂ ಕಾಯ್ದೆ ಹತ್ತಲ್ಲ ಅನ್ನುವವರೂ ಸಿಗುತ್ತಾರೆ. ಕಾಯ್ದೆಯ ಎರಡನೇ ಕಲಂನಲ್ಲೇ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದು ಬರೆದಿದ್ದಾರೆ.

ನಮ್ಮ ಜಿಲ್ಲೆಗಳಿಗೆ ತುಂಬಾ ಬೇಕಾದ ಇನ್ನೊಂದು ವಿಷಯ ಇದೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ವಾಲ್ಮೀಕಿ ನಾಯಕ ಸಮುದಾಯ ದೊಡ್ಡದು, ಅದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ. ಅದಕ್ಕೆ ಕೇಂದ್ರ ಸರ್ಕಾರದ ಅಧಿಸೂಚನೆ ಬೇಕು. ಹಾಗಂತ ಹೆಣ್ಣುಮಕ್ಕಳಿಗೆ ಏನೂ ಇಲ್ಲ ಅಂತ ಅಣ್ಣತಮ್ಮಂದಿರು ತೀರ್ಮಾನ ಮಾಡಿಬಿಡುವ ಹಾಗಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಬುಡಕಟ್ಟು ಕುಟುಂಬದ ಪ್ರಕರಣದಲ್ಲಿ ಮಗಳ ಕಡೆಯ ವಾರಸುದಾರರಿಗೂ ಸಮ ಪಾಲು ಕೊಟ್ಟಿತು. ಇಂಥ ಮನೆಗಳವರು ಪಾಲಿಗೆ ಕೂರುವ ಮೊದಲೇ ವಕೀಲರನ್ನು ಕಾಣುವುದು ಒಳ್ಳೆಯದು.

ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಮಗನಿಗೆ ಮಗಳ ಎರಡರಷ್ಟು. ವಿಲ್ ಬರೆಯುವುದಾದರೆ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮವಾಗಿ.

ಅವ್ವನ ಹೆಸರಿನ ಆಸ್ತಿ? ಹಿಂದೂ ಹೆಂಗಸು ವಿಲ್ ಇಲ್ಲದೆ ತೀರಿಕೊಂಡರೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ ತವರಿನಿಂದ ಬಂದದ್ದು ತವರಿನ ಕಡೆಗೆ, ಗಂಡನ ಕಡೆಯಿಂದ ಬಂದದ್ದು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಮದುವೆ ಆಗದ ತಾಯಿಯ ಮಕ್ಕಳೂ ತಾಯಿಯ ಆಸ್ತಿಗೆ ಪೂರ್ತಿ ವಾರಸುದಾರರು. ದೇವದಾಸಿ ಪದ್ಧತಿಗೆ ಸಿಕ್ಕಿದ್ದ ತಾಯಂದಿರ ಮಕ್ಕಳು ಕಚೇರಿಯಲ್ಲಿ "ಅಪ್ಪನ ಹೆಸರು ಹೇಳು" ಅಂದಾಗ ತಲೆ ತಗ್ಗಿಸಿ ವಾಪಸ್ ಬರುತ್ತಾರೆ. ತಾಯಿಯ ಆಸ್ತಿ ಕೇಳಲು ಅಪ್ಪನ ಹೆಸರು ಬೇಕಿಲ್ಲ.

ವಿಲ್ ಇದ್ದರೆ ಇದೆಲ್ಲ ಬದಲಾಗುತ್ತದೆ. ಆದರೆ ವಿಲ್‌ನಲ್ಲಿ ಬರೆಯಲು ಆಗುವುದು ತನ್ನ ಪಾಲನ್ನು ಮಾತ್ರ. ಇಬ್ಬರು ಸಾಕ್ಷಿಗಳ ಸಹಿ ಬೇಕೇಬೇಕು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ. ಆದರೂ ನೋಂದಣಿ ಮಾಡಿಸಿ ಅಂತಲೇ ನಾನು ಹೇಳುವುದು.

ಹೆಜ್ಜೆ 4: ವಂಶವೃಕ್ಷ

ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಎಲ್ಲರ ಆಧಾರ್, ಪಡಿತರ ಚೀಟಿ, ಕುಟುಂಬದ ವಿವರದ ಅಫಿಡವಿಟ್ ಬೇಕು. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಇನ್ನೂ ವಿಎ ಅಂತಲೇ ಕರೆಯುವವರು, ಊರಲ್ಲಿ ವಿಚಾರಿಸುತ್ತಾರೆ. ಪಂಚರ ಸಹಿ ಆಗುತ್ತದೆ. ಕಂದಾಯ ನಿರೀಕ್ಷಕರ ವರದಿ ಮೇಲೆ ಪ್ರಮಾಣಪತ್ರ ಬರುತ್ತದೆ.

ಇಲ್ಲಿ ಪ್ರತಿ ವಾರ ನಡೆಯುವ ಮಾತುಕತೆ ಹೀಗಿರುತ್ತದೆ. ಅರ್ಜಿ ತುಂಬುವಾಗ ನಾನು ಕೇಳುತ್ತೇನೆ, "ಅಕ್ಕ ತಂಗಿ ಎಷ್ಟು ಮಂದಿ?"

"ಒಬ್ಬಾಕಿ ಅದಾಳ್ರಿ. ಲಗ್ನ ಆಗಿ ಹೋಗ್ಯಾಳ. ಆಕಿ ಹೆಸರು ಯಾಕ್ರಿ ಸರ್?"

"ಬದುಕಿದಾಳಲ್ಲ?"

"ಹೂನ್ರಿ, ಲಿಂಗಸುಗೂರಾಗ ಅದಾಳ."

"ಹಂಗಾದ್ರ ಬರೀರಿ."

"ಆಕಿ ಏನೂ ಕೇಳಂಗಿಲ್ರಿ, ನಮ್ಮ ತಂಗಿ ಅಂಥಾಕಿ ಅಲ್ಲ."

ತಂಗಿ ಕೇಳದೇ ಇರಬಹುದು. ಆದರೆ ಹೆಸರು ಬಿಟ್ಟರೆ ಅದು ಸುಳ್ಳು ಪ್ರಮಾಣ. ಹತ್ತು ವರ್ಷದ ಮೇಲೆ ಆಕೆಯ ಮಕ್ಕಳು ದೊಡ್ಡವರಾಗಿ ದಾವೆ ಹಾಕುತ್ತಾರೆ. ಅಷ್ಟರಲ್ಲಿ ಹೊಲ ಮಾರಿದ್ದರೆ ಕೊಂಡವನೂ ಕೋರ್ಟಿಗೆ ಬರುತ್ತಾನೆ. ಬ್ಯಾಂಕಿನವರು ಸಾಲ ಕೊಡುವ ಮೊದಲೇ ಹಿಡಿದುಬಿಡುತ್ತಾರೆ. ತಂಗಿಗೆ ನಿಜವಾಗಿಯೂ ಬೇಡವಾಗಿದ್ದರೆ ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ. ವಂಶವೃಕ್ಷದಲ್ಲಿ ಮಾತ್ರ ಎಲ್ಲರೂ ಇರಬೇಕು. ತೀರಿಕೊಂಡವರೂ, ಅವರ ಮಕ್ಕಳೂ, ಅಪ್ರಾಪ್ತರೂ, ಎರಡನೇ ಹೆಂಡತಿಯ ಮಕ್ಕಳೂ.

ಹೆಜ್ಜೆ 5: ಪೌತಿ ಖಾತೆ

ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 128ನೇ ಕಲಂ ಪ್ರಕಾರ ವಾರಸಾಗಿ ಹಕ್ಕು ಬಂದದ್ದನ್ನು ಮೂರು ತಿಂಗಳಲ್ಲಿ ತಿಳಿಸಬೇಕು. ತಡವಾಗಿದ್ದರೂ ಅರ್ಜಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಅವಧಿ ದಾಟಿತು ಅಂತ ಕೈಬಿಡಬೇಡಿ. ಮರಣ ಪತ್ರ, ವಂಶವೃಕ್ಷ, ಪಹಣಿ, ಆಧಾರ್ ಹಿಡಿದು ನಾಡಕಚೇರಿಯಲ್ಲೋ ತಾಲೂಕಿನ ಭೂಮಿ ಕೇಂದ್ರದಲ್ಲೋ ಕೊಡಿ. ಪೌತಿ ಖಾತೆಗೆ ಛಾಪಾ ಶುಲ್ಕ ಇಲ್ಲ, ಉಪ ನೋಂದಣಿ ಕಚೇರಿಗೆ ಹೋಗುವುದೂ ಬೇಡ. ಅರ್ಜಿ ಶುಲ್ಕ ಅಷ್ಟೇ, ಅದೂ ಚಿಲ್ಲರೆ. ನೋಟಿಸ್ ಹಚ್ಚುತ್ತಾರೆ, ತಕರಾರಿಗೆ ಸಮಯ ಕೊಡುತ್ತಾರೆ, ಯಾರೂ ಬರದಿದ್ದರೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಪಹಣಿಗೆ ಏರುತ್ತದೆ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಅಂತ ಆಂದೋಲನ ಶುರು ಮಾಡಿತು. ವಿಎಗಳೇ ಮನೆ ಬಾಗಿಲಿಗೆ ಬಂದು ಆಧಾರ್ ಓಟಿಪಿ ತೆಗೆದುಕೊಂಡು ಅರ್ಜಿ ಹಾಕಿಸುತ್ತಾರೆ. ನಿಮ್ಮ ಊರಿಗೆ ಬಂದರೆ ಬಿಡಬೇಡಿ.

ಪಹಣಿ ಸತ್ತವರ ಹೆಸರಲ್ಲೇ ಉಳಿದರೆ ಏನಾಗುತ್ತೆ? ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್, ಆಗುವುದಿಲ್ಲ. ಆ ನಂಬರ್ ಇಲ್ಲದೆ ಬೆಳೆ ಹಾನಿ ಪರಿಹಾರ ಬರುವುದಿಲ್ಲ, ಬೆಂಬಲ ಬೆಲೆಗೆ ಭತ್ತ, ಜೋಳ, ತೊಗರಿ ಕೊಡಲು ಆಗುವುದಿಲ್ಲ, ಬೆಳೆ ಸಾಲ ಸಿಗುವುದಿಲ್ಲ. ಒಂದು ಬರಗಾಲದ ಪರಿಹಾರ ತಪ್ಪಿದರೆ ಆಗುವ ನಷ್ಟ ಪೌತಿ ಖಾತೆಯ ಖರ್ಚಿಗಿಂತ ಎಷ್ಟೋ ಪಟ್ಟು. ತೀರಿಕೊಂಡವರ ಹೆಸರಿಗೆ ಪಿಎಂ ಕಿಸಾನ್ ಕಂತು ಇನ್ನೂ ಬೀಳುತ್ತಿದ್ದರೆ ತೆಗೆದು ಖರ್ಚು ಮಾಡಬೇಡಿ, ಕೃಷಿ ಇಲಾಖೆಗೆ ತಿಳಿಸಿ.

ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಇರುವುದು ಕಂದಾಯದ ಅನುಕೂಲಕ್ಕೆ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. "ಅಣ್ಣನ ಒಬ್ಬನ ಹೆಸರಿಗೆ ಖಾತೆ ಆಗೇತಿ, ನಮ್ದೇನೂ ಉಳಿಲಿಲ್ಲ" ಅಂತ ಅಳುತ್ತಾ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಊರೊಳಗಿನ ಮನೆ, ಖಾಲಿ ಜಾಗಕ್ಕೆ ದಾರಿ ಬೇರೆ. ಗ್ರಾಮ ಪಂಚಾಯಿತಿ ಆಸ್ತಿಯಾದರೆ ಇ-ಸ್ವತ್ತಿನಲ್ಲಿ ಖಾತೆ ಬದಲಾವಣೆ. ನಗರದಲ್ಲಿ ಪಾಲಿಕೆ, ನಗರಸಭೆ ಅಥವಾ ಪುರಸಭೆಯಲ್ಲಿ ಇ-ಆಸ್ತಿ ಖಾತೆ. ಎರಡೂ ಕಡೆ ಹಳೇ ತೆರಿಗೆ ಬಾಕಿ ತೀರಿಸದೆ ಫೈಲ್ ಮುಂದೆ ಹೋಗುವುದಿಲ್ಲ. ಬಾಕಿ ಸತ್ತವರ ಹೆಸರಲ್ಲಿದ್ದರೂ ಅದು ಆಸ್ತಿಯ ಮೇಲೆ ಕೂತಿರುತ್ತದೆ.

ಬ್ಯಾಂಕಿನ ಠೇವಣಿ, ಷೇರು ಇತ್ಯಾದಿ

ನಾಮಿನಿ ಇದ್ದರೆ ಬ್ಯಾಂಕು ದುಡ್ಡು ಅವರ ಕೈಗೆ ಕೊಡುತ್ತದೆ. ಆದರೆ ನಾಮಿನಿ ಮಾಲೀಕ ಅಲ್ಲ, ಉಳಿದ ವಾರಸುದಾರರ ಪರವಾಗಿ ತೆಗೆದುಕೊಳ್ಳುವವರು ಮಾತ್ರ. ನಾಮಿನಿ ಇಲ್ಲದೆ ಮೊತ್ತ ದೊಡ್ಡದಿದ್ದರೆ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಈ ಪ್ರಮಾಣಪತ್ರ ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ. ಹೊಲ ಮನೆಗೆ ಇದನ್ನು ಮಾಡಿಸಲು ದುಡ್ಡು ಸುರಿಯಬೇಡಿ.

ಹೆಜ್ಜೆ 6: ಪಾಲು ಮಾಡಿಕೊಳ್ಳುವುದು

ರಾಜ್ಯ ಸರ್ಕಾರಕ್ಕೆ ನಿಜವಾಗಿ ದುಡ್ಡು ಕಟ್ಟುವ ಜಾಗ ಇದು. ಎಷ್ಟು ಅನ್ನುವುದು ನೀವು ಯಾವ ಪತ್ರ ಬರೆಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಕುಟುಂಬದವರು ಸೇರಿ ವಿಭಾಗ ಪತ್ರ ಮಾಡಿಕೊಂಡರೆ ಛಾಪಾ ಶುಲ್ಕ ಆಸ್ತಿಯ ಬೆಲೆಯ ಮೇಲೆ ಅಲ್ಲ, ಒಂದೊಂದು ಪಾಲಿಗೆ ಇಷ್ಟು ಅಂತ ನಿಗದಿ ಮೊತ್ತ. ಕೃಷಿ ಜಮೀನಿಗೆ ಕಡಿಮೆ, ನಗರದ ಆಸ್ತಿಗೆ ಸ್ವಲ್ಪ ಜಾಸ್ತಿ. ಮೊತ್ತ ಆಗಾಗ ಬದಲಾಗುವುದರಿಂದ ಕಾವೇರಿ 2.0ರ ಲೆಕ್ಕದಲ್ಲಿ ಅವತ್ತಿನ ದರ ನೋಡಿಕೊಳ್ಳಿ. ತಂಗಿಗೆ ನಿಜವಾಗಿ ಪಾಲು ಬೇಡವಾಗಿದ್ದರೆ ಆಕೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಅಣ್ಣನಿಗೆ ದಾನಪತ್ರವನ್ನೂ ಮಾಡಬಹುದು. ಕುಟುಂಬದೊಳಗೆ ಇವಕ್ಕೂ ನಿಗದಿ ಶುಲ್ಕವೇ. ಇದೇ ಪಾಲನ್ನು ಯಾರೋ ಹೇಳಿದರು ಅಂತ ಕ್ರಯಪತ್ರ ಮಾಡಿಸಿದರೆ ಶೇ 5 ಛಾಪಾ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ ನೋಂದಣಿ ಶುಲ್ಕ ಶೇ 2. ಈ ನೋಂದಣಿ ಶುಲ್ಕ 2025ರ ಆಗಸ್ಟ್ 31ಕ್ಕೆ ಮೊದಲು ಶೇ 1 ಇತ್ತು. 20 ಲಕ್ಷದ ಪಾಲಿಗೆ ಒಂದೂವರೆ ಲಕ್ಷದಷ್ಟು ಸುಮ್ನೆ ಹೋಗುತ್ತದೆ.

ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು. ನೂರು ರೂಪಾಯಿ ಬಾಂಡ್ ಮೇಲೆ ಹೆಬ್ಬೆಟ್ಟು ಒತ್ತಿಸಿ ಮನೆಯ ಟ್ರಂಕಿನಲ್ಲಿಟ್ಟ ಕಾಗದ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ನನ್ನ ಅಭಿಪ್ರಾಯ. ತಂಗಿಯಿಂದ ಸಹಿ ಹಾಕಿಸುವ ಮೊದಲು ಪತ್ರವನ್ನು ಆಕೆಗೆ ಓದಿ ಹೇಳಿಸಿ, ಆಕೆಯ ಗಂಡನೋ ಮಗನೋ ಪಕ್ಕದಲ್ಲಿರಲಿ. ಏನಾದರೂ ಕೊಡುತ್ತಿದ್ದರೆ ಚೆಕ್ಕಿನಲ್ಲಿ ಕೊಟ್ಟು ಪತ್ರದಲ್ಲಿ ಬರೆಸಿ. ಪಂಚಮಿಗೆ ಸೀರೆ ಕೊಟ್ಟು ಕರೆದು ಸಹಿ ಹಾಕಿಸಿಕೊಂಡದ್ದು ಮುಂದೆ ಮೋಸದ ದಾವೆಯಾಗಿ ಬರುತ್ತದೆ.

ಒಂದೇ ಸರ್ವೆ ನಂಬರನ್ನು ಒಡೆದು ಹಂಚುವುದಾದರೆ ನೋಂದಣಿಗೆ ಮೊದಲು ಸರ್ವೆ ಇಲಾಖೆಯಿಂದ 11ಇ ನಕ್ಷೆ, ಅಂದರೆ ಒಡೆಯುವ ಭಾಗಗಳ ಅಳತೆ ನಕ್ಷೆ, ಮಾಡಿಸಬೇಕು. ಭೂಮಾಪಕರು ಬಂದಾಗ ಎಲ್ಲ ಪಾಲುದಾರರೂ ಹೊಲದಲ್ಲಿರಿ. ಕಾಲುವೆ ತೂಬು ಯಾರ ಪಾಲಿಗೆ, ಬಂಡಿ ದಾರಿ ಎಲ್ಲಿಂದ, ಕೊಳವೆ ಬಾವಿ ಯಾರ ಕಡೆ ಅಂತ ಅಲ್ಲೇ ತೀರ್ಮಾನ ಮಾಡಿ ಪತ್ರದಲ್ಲಿ ಬರೆಸಿ. ಎಕರೆ ಸಮ ಬಂದರೂ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ತೂಬಿನ ಹತ್ತಿರದ ಎಕರೆಗೂ ಕೊನೆ ಭಾಗದ ಎಕರೆಗೂ ಬಹಳ ಫರಕು. ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ ಅನ್ನುವುದು ಸಿರವಾರ, ಮಾನ್ವಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಉಪ ನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ನೋಂದಣಿಯಾದ ಮೇಲೆ ಮಾಹಿತಿ ಭೂಮಿ ತಂತ್ರಾಂಶಕ್ಕೆ ತಾನೇ ಹೋಗುತ್ತದೆ. ಆದರೂ ಒಂದೆರಡು ತಿಂಗಳಲ್ಲಿ ಪಹಣಿ ತೆಗೆದು ನೋಡಿ.

ಸರ್ಕಾರದಿಂದ ಮಂಜೂರಾದ ಪರಿಶಿಷ್ಟ ಜಾತಿ, ಪಂಗಡದವರ ಜಮೀನು ಮಾರಲು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಬೇಕು. ಕುಟುಂಬದೊಳಗಿನ ವಿಭಾಗ ಮತ್ತು ವಿಲ್ ಆ ಕಾಯ್ದೆಯ ಪ್ರಕಾರ ಪರಭಾರೆ ಅಲ್ಲ, ಹಾಗಾಗಿ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲು ಅಡ್ಡಿ ಇಲ್ಲ.

ಪಾಲುದಾರರಲ್ಲಿ 18 ತುಂಬದವರಿದ್ದರೆ ಅವರ ಪಾಲನ್ನು ಮಾರುವ, ಬಿಟ್ಟುಕೊಡುವ ಮಾತು ಬಂದ ಕೂಡಲೇ ವಕೀಲರನ್ನು ಕೇಳಿ. ಬಹಳ ಸಲ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ.

ಹೆಜ್ಜೆ 7: ವರ್ಷ ವರ್ಷದ ತೆರಿಗೆ

ಹೊಲದ ಕಂದಾಯ ಎಕರೆಗೆ ಕೆಲವೇ ರೂಪಾಯಿ. ಅಚ್ಚುಕಟ್ಟಿನಲ್ಲಿದ್ದರೆ ನೀರಿನ ಕರ ಬೇರೆ. ರಸೀದಿ ಹೊಸ ಹೆಸರಲ್ಲಿ ಬರುತ್ತಿದೆಯೇ ನೋಡಿ. ನಗರದ ಮನೆಗೆ ಏಪ್ರಿಲ್ ತಿಂಗಳಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2ರಂತೆ ದಂಡ ಏರುತ್ತಾ ಹೋಗುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಬಂದ ಮನೆಯನ್ನು ಬಾಡಿಗೆ ಕೊಟ್ಟರೆ ಆ ಬಾಡಿಗೆ ನಿಮ್ಮ ಆದಾಯ. ತೀರಿಕೊಂಡವರು ರಿಟರ್ನ್ ಸಲ್ಲಿಸುತ್ತಿದ್ದರೆ, ಆ ವರ್ಷ ಅವರು ಬದುಕಿದ್ದ ದಿನದವರೆಗಿನ ರಿಟರ್ನ್ ವಾರಸುದಾರರು ಹಾಕಬೇಕು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರಸುದಾರ ಅಂತ ಮೊದಲು ನೋಂದಾಯಿಸಿಕೊಳ್ಳಿ.

ಹೆಜ್ಜೆ 8: ಮಾರುವುದಾದರೆ

ಆಸ್ತಿ ಬಂದಾಗ ತೆರಿಗೆ ಇಲ್ಲ, ಮಾರಿದಾಗ ಇದೆ. ಆದರೆ ಎಲ್ಲ ಹೊಲಕ್ಕೂ ಅಲ್ಲ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಆದಾಯ ತೆರಿಗೆ ಇಲ್ಲ. ಹಳ್ಳಿಯ ಜಮೀನು ಅಂದರೆ ಯಾವುದು? ಪಟ್ಟಣದ ಗಡಿಯೊಳಗೆ ಇರಬಾರದು. ಗಡಿಯಿಂದ ಎಷ್ಟು ದೂರ ಇರಬೇಕು ಅನ್ನುವುದು ಪಟ್ಟಣದ ಜನಸಂಖ್ಯೆ ಮೇಲೆ. 10 ಸಾವಿರದಿಂದ 1 ಲಕ್ಷದವರೆಗಿನ ಪಟ್ಟಣಕ್ಕೆ 2 ಕಿಲೋಮೀಟರ್, 1ರಿಂದ 10 ಲಕ್ಷದವರೆಗೆ 6 ಕಿಲೋಮೀಟರ್. 2011ರ ಜನಗಣತಿ ಲೆಕ್ಕದಲ್ಲಿ ಬಳ್ಳಾರಿ, ರಾಯಚೂರು, ಗಂಗಾವತಿಗೆ 6 ಕಿಲೋಮೀಟರ್ ನಿಯಮ. ಕೊಪ್ಪಳ, ಸಿಂಧನೂರಿಗೆ 2. ದೂರ ಅಳೆಯುವುದು ರಸ್ತೆಯ ಮೇಲಲ್ಲ, ನೇರ ಗೆರೆಯಲ್ಲಿ. ರಸ್ತೆಯಲ್ಲಿ 8 ಕಿಲೋಮೀಟರ್ ಇರುವ ಹೊಲ ನೇರ ಗೆರೆಯಲ್ಲಿ 5 ಆಗಿ ತೆರಿಗೆಗೆ ಸಿಕ್ಕಿಬೀಳಬಹುದು. ಮಾರುವ ಮೊದಲೇ ತಹಶೀಲ್ದಾರರಿಂದ ದೂರದ ದೃಢೀಕರಣ ತೆಗೆದುಕೊಂಡಿಡಿ.

ತೆರಿಗೆ ಬೀಳುವ ಆಸ್ತಿಯಾದರೆ ಲಾಭದ ಲೆಕ್ಕಕ್ಕೆ ಅಪ್ಪ ಕೊಂಡ ಬೆಲೆಯೇ ಆಧಾರ, ಅಪ್ಪ ಇಟ್ಟುಕೊಂಡಿದ್ದ ವರ್ಷಗಳೂ ನಿಮಗೆ ಸೇರುತ್ತವೆ. 2001ಕ್ಕಿಂತ ಹಿಂದಿನದಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು. ರಾಯಚೂರಿನಲ್ಲಿ ಅಪ್ಪ 2005ರ ಕೊನೆಗೆ 2 ಲಕ್ಷಕ್ಕೆ ಪ್ಲಾಟು ಕೊಂಡು 2019ರಲ್ಲಿ ತೀರಿಕೊಂಡರು, 2025ರ ಕೊನೆಗೆ ಮಕ್ಕಳು 30 ಲಕ್ಷಕ್ಕೆ ಮಾರಿದರು ಅನ್ನಿ. ಲಾಭ 28 ಲಕ್ಷ, ಶೇ 12.5ರಂತೆ ತೆರಿಗೆ 3.5 ಲಕ್ಷ, ಸೆಸ್ ಬೇರೆ. ತೆರಿಗೆ ಲೆಕ್ಕ ಬದಲಾದ 2024ರ ಜುಲೈ 23ಕ್ಕಿಂತ ಮೊದಲೇ ಬಂದ ಆಸ್ತಿಯಾದ್ದರಿಂದ ಹಣದುಬ್ಬರ ಸೇರಿಸಿ ಶೇ 20ರ ಹಳೇ ಲೆಕ್ಕವನ್ನೂ ನೋಡಬಹುದು. ಇಲ್ಲಿ ಅದು ಸುಮಾರು 4.7 ಲಕ್ಷ ಆಗುತ್ತದೆ, ಹಾಗಾಗಿ ಹೊಸದೇ ಮೇಲು. ಹಳೇ ಆಸ್ತಿ, ಕಡಿಮೆ ಬೆಲೆ ಏರಿಕೆ ಇದ್ದಲ್ಲಿ ಇದು ಉಲ್ಟಾ ಆಗಬಹುದು. ಈ ತೆರಿಗೆ ಒಬ್ಬರ ತಲೆ ಮೇಲೆ ಬೀಳುವುದಿಲ್ಲ, ಪಾಲಿನಂತೆ ಹಂಚಿಹೋಗುತ್ತದೆ. ಆ ದುಡ್ಡಲ್ಲಿ ಮನೆ ಕೊಂಡರೆ, ಕಟ್ಟಿಸಿದರೆ ವಿನಾಯಿತಿ ಇದೆ. ಅದನ್ನು ಲೆಕ್ಕಪರಿಶೋಧಕರ ಹತ್ತಿರ ಮಾರಾಟಕ್ಕೆ ಮೊದಲೇ ಕೇಳಿ.

ಹಳ್ಳಿಯ ಕೃಷಿ ಜಮೀನು ಬಿಟ್ಟು ಬೇರೆ ಆಸ್ತಿ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ರಷ್ಟು ತೆರಿಗೆಯನ್ನು ಮೊದಲೇ (ಟಿಡಿಎಸ್) ಹಿಡಿಯುತ್ತಾರೆ. ಮುಂಗಡವನ್ನು 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದಾಗಿ ತೆಗೆದುಕೊಳ್ಳಬೇಡಿ, ಅಷ್ಟೇ ಮೊತ್ತದ ದಂಡ ಬೀಳಬಹುದು.

ತಕರಾರು ಬಂದರೆ

ಪೌತಿಗೆ ಯಾರಾದರೂ ಆಕ್ಷೇಪ ಹಾಕಿದರೆ ತಾಲೂಕು ಕಚೇರಿಯಲ್ಲಿ ವಿಚಾರಣೆ ನಡೆಯುತ್ತದೆ. ಆದೇಶ ಒಪ್ಪದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅದರ ಮೇಲೆ ಜಿಲ್ಲಾಧಿಕಾರಿ. ಆದರೆ ಕಂದಾಯ ಕಚೇರಿಗಳು ಯಾರ ಪಾಲು ಎಷ್ಟು ಅಂತ ತೀರ್ಮಾನಿಸುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆಯೇ ಬೇಕು. ದಾವೆ ಹಾಕುವ ದಿನವೇ ಮಾರಾಟಕ್ಕೆ ತಡೆಯಾಜ್ಞೆ ಕೇಳಿ. ಮುಂದೆ ಹೈಕೋರ್ಟಿಗೆ ಹೋಗುವ ಹೊತ್ತು ಬಂದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ವಕೀಲರ ಫೀಸು ಕೊಡಲು ಆಗದವರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ. ಮನೆಯವರು ರಾಜಿಗೆ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಿ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.